ಮೂರು ಚೆಂಡಿನ ಸ್ಪೈರೋಮೀಟರ್ ಮತ್ತು ಬೆರಳಿನ ಆಕ್ಸಿಮೀಟರ್: ಹೃದಯ ಶಸ್ತ್ರಚಿಕಿತ್ಸೆಯ ಮನೆಯಲ್ಲಿ ಬಳಸಿ ನೋಡಿದ ಮೇಲೆ

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಔಷಧಿ ಅಂಗಡಿಗಳಲ್ಲಿ ಈಗ ಎರಡು ವಸ್ತುಗಳು ಸುಲಭವಾಗಿ ಸಿಗುತ್ತವೆ. ಒಂದು, ಪಾರದರ್ಶಕ ಪ್ಲಾಸ್ಟಿಕ್ಕಿನ ಮೂರು ಕಂಬಗಳಲ್ಲಿ ಮೂರು ಬಣ್ಣದ ಚೆಂಡುಗಳಿದ್ದು, ಪೈಪಿನ ಮೂಲಕ ಉಸಿರೆಳೆದಾಗ ಅವು ಮೇಲೇರುವ ಸ್ಪೈರೋಮೀಟರ್. ಇನ್ನೊಂದು, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕದ ಮಟ್ಟವನ್ನು ನೋಡುವ ಪಲ್ಸ್ ಆಕ್ಸಿಮೀಟರ್. ನಮ್ಮ ಮಾವನವರಿಗೆ ಬೆಂಗಳೂರಿನಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆ ಆಗುವ ಮುಂಚಿನಿಂದ ಹಿಡಿದು ಅವರು ಮನೆಯಲ್ಲಿ ಚೇತರಿಸಿಕೊಂಡ ಕಾಲದವರೆಗೆ ಇವೆರಡನ್ನೂ ನಾವು ದಿನವೂ ಬಳಸಿದ್ದರಿಂದ, ಕೊಳ್ಳಬೇಕೆಂದಿರುವ ಮನೆಯವರಿಗೆ ಉಪಯೋಗವಾಗಲೆಂದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಪೈರೋಮೀಟರನ್ನು ಶಸ್ತ್ರಚಿಕಿತ್ಸೆಯ ದಿನಾಂಕ ನಿಗದಿಯಾದ ಕೂಡಲೇ ಕೊಂಡು ರೋಗಿಯ ಕೈಗೆ ಕೊಡಬೇಕು. ಆಕ್ಸಿಮೀಟರನ್ನು ಕೊಳ್ಳುವ ಮುಂಚೆ, ಅದು ತೋರಿಸುವ ಅಂಕಿಯನ್ನು ಯಾವಾಗ ನಂಬಬೇಕು, ಯಾವಾಗ ನಂಬಬಾರದು ಎಂಬುದನ್ನು ಮನೆಯಲ್ಲಿ ಒಬ್ಬರಾದರೂ ಸರಿಯಾಗಿ ತಿಳಿದುಕೊಂಡಿರಬೇಕು.

ಮೊದಲು ಅಂಗಡಿಯ ಬಗ್ಗೆ ಎರಡು ಮಾತು, ಏಕೆಂದರೆ ಆ ಸೇವೆಯೂ ವಿಮರ್ಶೆಗೆ ಅರ್ಹವಾದುದು. ಮಾಲೀಕರು ಡಬ್ಬಿಯನ್ನು ಕಟ್ಟಿಕೊಟ್ಟು ಕಳುಹಿಸಲಿಲ್ಲ. ಸಾಧನವನ್ನು ಹೊರತೆಗೆದು, ಪೈಪನ್ನು ಜೋಡಿಸಿ, ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಇದರಲ್ಲಿ ಉಸಿರನ್ನು ಒಳಕ್ಕೆ ಎಳೆದುಕೊಳ್ಳಬೇಕು, ಊದಬಾರದು ಎಂದು ಎರಡು ಬಾರಿ ಹೇಳಿದರು. ಕೊಳ್ಳುವವರಲ್ಲಿ ಹೆಚ್ಚಿನವರು ಇದನ್ನು ಊದುವ ಸಾಧನವೆಂದೇ ತಿಳಿದು ಬರುತ್ತಾರೆ, ಊದಿದರೆ ಚೆಂಡು ಏಳುವುದಿಲ್ಲ, ಆಗ ವಸ್ತು ಕೆಟ್ಟಿದೆಯೆಂದು ಹಿಂದಕ್ಕೆ ತರುತ್ತಾರೆ ಎಂದೂ ಹೇಳಿದರು. ಈ ವಿವರಣೆಯನ್ನು ಕೊಡದೆ ಇದನ್ನು ಮಾರುವುದು ಅರ್ಧ ಮಾರಾಟವೆಂದೇ ನಾನು ಭಾವಿಸುತ್ತೇನೆ.

ಈ ಸಾಧನ ಏಕೆ ಬೇಕು ಎಂಬುದು ತಿಳಿಯಬೇಕಾದರೆ, ಹೃದಯದ ಶಸ್ತ್ರಚಿಕಿತ್ಸೆಯಾದ ಮೇಲೆ ಶ್ವಾಸಕೋಶಕ್ಕೆ ಏನಾಗುತ್ತದೆ ಎಂಬುದನ್ನು ನೋಡಬೇಕು. ಅರಿವಳಿಕೆ ಕೊಟ್ಟು ಅಂಗಾತ ಮಲಗಿಸಿದಾಗ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯು, ಮೇಲಕ್ಕೆ ಸರಿದು, ಶ್ವಾಸಕೋಶದ ಕೆಳಭಾಗದ ಗಾಳಿಗೂಡುಗಳು ಮುದುಡಿಕೊಳ್ಳುತ್ತವೆ. ಶಸ್ತ್ರಚಿಕಿತ್ಸೆಯ ವೇಳೆ ಹೃದಯ, ಶ್ವಾಸಕೋಶಗಳ ಕೆಲಸವನ್ನು ತಾನೇ ಮಾಡುವ ಹೃದಯ-ಶ್ವಾಸಕೋಶ ಯಂತ್ರದ ಮೂಲಕ ರಕ್ತ ಹರಿಯುತ್ತಿರುವಷ್ಟು ಹೊತ್ತು ಶ್ವಾಸಕೋಶಗಳಿಗೆ ಬಹುತೇಕ ಕೆಲಸವೇ ಇರುವುದಿಲ್ಲವಾದ್ದರಿಂದ ಈ ಮುದುಡುವಿಕೆ ಇನ್ನಷ್ಟು ಹೆಚ್ಚುತ್ತದೆ, ಅದರಲ್ಲೂ ಎಡ ಶ್ವಾಸಕೋಶದ ಕೆಳಹಾಲೆಯಲ್ಲಿ. ಒದ್ದೆಯಾದ ಪ್ಲಾಸ್ಟಿಕ್ ಚೀಲದ ಎರಡು ಪದರಗಳು ಅಂಟಿಕೊಂಡರೆ ಬಿಡಿಸುವುದು ಎಷ್ಟು ಕಷ್ಟವೋ, ಮುದುಡಿದ ಗಾಳಿಗೂಡನ್ನು ಮತ್ತೆ ಬಿಡಿಸುವುದೂ ಅಷ್ಟೇ ಕಷ್ಟ. ಅದಕ್ಕೆ ದೊಡ್ಡದಾದ, ನಿಧಾನವಾದ, ಸ್ವಲ್ಪ ಹೊತ್ತು ಹಿಡಿದಿಟ್ಟ ಉಸಿರು ಬೇಕು. ಆದರೆ ಎದೆಯ ನಡುಮೂಳೆಯನ್ನು ಕತ್ತರಿಸಿ ತಂತಿಯಿಂದ ಹೊಲಿದಿರುವ ರೋಗಿ ನೋವಿಗೆ ಹೆದರಿ ಸಣ್ಣ ಸಣ್ಣ ಉಸಿರನ್ನೇ ತೆಗೆದುಕೊಳ್ಳುತ್ತಾನೆ, ಕೆಮ್ಮನ್ನು ತಡೆಹಿಡಿಯುತ್ತಾನೆ. ಹೀಗಾಗಿ ಮುದುಡಿದ ಜಾಗದ ಸುತ್ತ ರಕ್ತ ಹರಿಯುತ್ತಲೇ ಇದ್ದರೂ ಅದಕ್ಕೆ ಆಮ್ಲಜನಕ ಸಿಗುವುದಿಲ್ಲ, ಕಫ ಅಲ್ಲೇ ನಿಲ್ಲುತ್ತದೆ, ನಿಂತ ಕಫದಲ್ಲಿ ಸೋಂಕು ಬೆಳೆಯುತ್ತದೆ.

ಇದು ಎಲ್ಲ ರೋಗಿಗಳಲ್ಲಿಯೂ ಸ್ವಲ್ಪಮಟ್ಟಿಗೆ ಆಗುವಂಥದ್ದೇ. ಯಾರಲ್ಲಿ ಅದು ಅಪಾಯದ ಮಟ್ಟಕ್ಕೆ ಹೋಗುತ್ತದೆ ಎಂಬುದೇ ಮುಖ್ಯವಾದ ಪ್ರಶ್ನೆ. ನಮ್ಮ ಮಾವನವರು ಶಿಡ್ಲಘಟ್ಟದಲ್ಲಿ ಬಹುಕಾಲ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ ನಡೆಸಿದವರು. ಕುದಿಯುವ ನೀರಿನಲ್ಲಿ ಗೂಡು ಬೇಯುವ ಹಬೆ, ಸೌದೆ ಒಲೆಯ ಹೊಗೆ, ಗಾಳಿಯಾಡದ ಕೋಣೆ, ಇವೆಲ್ಲದರ ನಡುವೆ ಕೂತು ದುಡಿದವರಿಗೆ ವಯಸ್ಸಾದ ಮೇಲೆ ಉಬ್ಬಸವೋ ಕೆಮ್ಮೋ ಉಳಿದುಬಿಡುವುದನ್ನು ಆ ಊರಿನಲ್ಲಿ ನೋಡಿದವರಿಗೆ ವಿವರಿಸಿ ಹೇಳಬೇಕಿಲ್ಲ. ಅದರ ಮೇಲೆ ಬೀಡಿ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು. ಶಸ್ತ್ರಚಿಕಿತ್ಸೆಯ ನಂತರ ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗುವ ಸಂಭವ ಹೆಚ್ಚಿರುವವರನ್ನು ಗುರುತಿಸಲು ವೈದ್ಯರು ನೋಡುವ ಸಂಗತಿಗಳಲ್ಲಿ ಇವೆಲ್ಲವೂ ಬರುತ್ತವೆ. ಬೊಜ್ಜಿರುವವರಲ್ಲಿ ಹೊಟ್ಟೆಯ ಭಾರ ವಪೆಯನ್ನು ಮೇಲಕ್ಕೆ ಒತ್ತುವುದರಿಂದ ಶ್ವಾಸಕೋಶದ ಕೆಳಭಾಗ ಬೇಗ ಮುಚ್ಚಿಕೊಳ್ಳುತ್ತದೆ. ಧೂಮಪಾನಿಗಳಲ್ಲಿ ಕಫ ಹೆಚ್ಚು, ಅದನ್ನು ಹೊರಹಾಕುವ ಸೂಕ್ಷ್ಮ ರೋಮಗಳ ಶಕ್ತಿ ಕಡಿಮೆ. ವಯಸ್ಸು ಎಪ್ಪತ್ತು ದಾಟಿದ್ದರೆ, ಮೊದಲಿನಿಂದಲೇ ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಇದ್ದರೆ, ಹೃದಯದ ಎಡಕೋಣೆಯ ಪಂಪು ಮಾಡುವ ಶಕ್ತಿ ಕುಗ್ಗಿದ್ದರೆ, ಮೂತ್ರಪಿಂಡ ದುರ್ಬಲವಾಗಿದ್ದರೆ, ಗೊರಕೆಯೊಂದಿಗೆ ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆಯಿದ್ದರೆ ಅಪಾಯ ಇನ್ನೂ ಏರುತ್ತದೆ. ಬೀಡಿ, ಸಿಗರೇಟು ಎಂದೂ ಮುಟ್ಟದ ಹೆಂಗಸರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಹಳ್ಳಿಗಳಲ್ಲಿ ದಶಕಗಳ ಕಾಲ ಸೌದೆ ಒಲೆಯ ಮುಂದೆ ಅಡುಗೆ ಮಾಡಿದವರ ಶ್ವಾಸಕೋಶಗಳು ಧೂಮಪಾನಿಗಳಂತೆಯೇ ಹಾಳಾಗಿರಬಹುದು. ಶಸ್ತ್ರಚಿಕಿತ್ಸೆಗೆ ಮುಂಚೆ ವೈದ್ಯರು ಕೇಳುವ ಪ್ರಶ್ನೆಗಳಿಗೆ ಉತ್ತರಿಸುವಾಗ ಮನೆಯವರು ಈ ಸಂಗತಿಯನ್ನು ತಾವಾಗಿಯೇ ಹೇಳಬೇಕು, ಏಕೆಂದರೆ ಧೂಮಪಾನ ಇದೆಯೇ ಎಂಬ ಪ್ರಶ್ನೆಗೆ ಇಲ್ಲ ಎಂದುಬಿಟ್ಟರೆ ಅದು ಅಲ್ಲಿಗೇ ಮುಚ್ಚಿಹೋಗುತ್ತದೆ.

ಕೆಲವು ಕಾರಣಗಳು ರೋಗಿಯ ಕೈಯಲ್ಲಿಲ್ಲ, ಶಸ್ತ್ರಚಿಕಿತ್ಸೆಯಲ್ಲೇ ಇವೆ. ಯಂತ್ರದ ಕೊಳವೆಗಳ ಮೂಲಕ ಹರಿಯುವ ರಕ್ತ ಹೊರಗಿನ ವಸ್ತುವನ್ನು ಮುಟ್ಟುವುದರಿಂದ ದೇಹದಾದ್ಯಂತ ಉರಿಯೂತದ ಪ್ರತಿಕ್ರಿಯೆ ಏಳುತ್ತದೆ. ಯಂತ್ರದ ಮೇಲಿದ್ದ ಸಮಯ ಉದ್ದವಾದಷ್ಟೂ ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳಿಂದ ನೀರು ಸೋರುವ ಸಾಧ್ಯತೆ ಹೆಚ್ಚು. ಹೆಚ್ಚು ರಕ್ತ ಕೊಡಬೇಕಾಗಿ ಬಂದರೆ, ದ್ರವ ಹೆಚ್ಚಾದರೆ, ಶಸ್ತ್ರಚಿಕಿತ್ಸೆಯನ್ನು ತುರ್ತಾಗಿ ಮಾಡಬೇಕಾಗಿ ಬಂದರೆ ಇದೇ ತೊಂದರೆ ಬೆಳೆಯುತ್ತದೆ. ಮಹಾಧಮನಿಯ ಪದರ ಸೀಳಿದವರಿಗೆ ಮಾಡುವ ಶಸ್ತ್ರಚಿಕಿತ್ಸೆಯ ನಂತರ ಆಮ್ಲಜನಕದ ಕೊರತೆ ಹೆಚ್ಚಾಗಿ ಕಾಣುವುದು ಇಂಥ ಕಾರಣಗಳಿಂದಲೇ. ಬೈಪಾಸಿಗೆ ಎದೆಗೋಡೆಯ ಒಳಗಿನ ಮ್ಯಾಮರಿ ಧಮನಿಯನ್ನು ಬಳಸುವಾಗ ಶ್ವಾಸಕೋಶದ ಹೊರಪೊರೆ ತೆರೆದುಕೊಂಡರೆ, ಎಡಭಾಗದಲ್ಲಿ ನೀರು ತುಂಬಬಹುದು. ಆ ನೀರು ಕೆಲವರಲ್ಲಿ ವಾರಗಳ ನಂತರ, ಮನೆಗೆ ಬಂದ ಮೇಲೆ ಕಾಣಿಸಿಕೊಳ್ಳುತ್ತದೆ. ಹೃದಯವನ್ನು ತಣ್ಣಗಿಡಲು ಬಳಸುವ ಮಂಜುಗಡ್ಡೆಯ ತಂಪು ತಾಗಿ ವಪೆಗೆ ಹೋಗುವ ಫ್ರೆನಿಕ್ ನರ ಕೆಲಕಾಲ ಕೆಲಸ ನಿಲ್ಲಿಸುವುದೂ ಉಂಟು.

ಇಷ್ಟೆಲ್ಲ ಕಾರಣಗಳ ಮುಂದೆ ಈ ಪ್ಲಾಸ್ಟಿಕ್ ಸಾಧನ ಎಷ್ಟು ಮಾಡಬಲ್ಲದು? ಮುದುಡಿದ ಗಾಳಿಗೂಡು ಮತ್ತು ನಿಂತ ಕಫ, ಇವೆರಡರ ಮೇಲೆ ಮಾತ್ರ ಅದರ ಕೆಲಸ. ಸೋರಿದ ನೀರಿಗೆ, ದುರ್ಬಲ ಹೃದಯಕ್ಕೆ, ನರದ ತೊಂದರೆಗೆ ಅದು ಪರಿಹಾರವಲ್ಲ. ಈ ಮಿತಿಯನ್ನು ಒಪ್ಪಿಕೊಂಡು ಕೊಂಡರೆ ನಿರಾಶೆಯಾಗುವುದಿಲ್ಲ.

ಕಂಬಗಳ ಮೇಲೆ ಸಾಮಾನ್ಯವಾಗಿ 600, 900, 1200 ಎಂಬ ಅಂಕಿಗಳಿರುತ್ತವೆ. ಇವು ಒಂದು ಸೆಕೆಂಡಿಗೆ ಎಷ್ಟು ಮಿಲಿಲೀಟರ್ ಗಾಳಿ ಎಳೆಯುತ್ತಿದ್ದೀರಿ ಎಂಬ ವೇಗವನ್ನು ಹೇಳುತ್ತವೆ. ಶ್ವಾಸಕೋಶಕ್ಕೆ ಒಟ್ಟು ಎಷ್ಟು ಗಾಳಿ ಹೋಯಿತು ಎಂಬುದನ್ನು ಹೇಳುವುದಿಲ್ಲ. ಒಂದು ಚೆಂಡನ್ನು ಮೂರು ಸೆಕೆಂಡು ಮೇಲೆ ನಿಲ್ಲಿಸಿದವರು ಸುಮಾರು 1800 ಮಿಲಿಲೀಟರ್ ಎಳೆದಿರುತ್ತಾರೆ. ಒಂದೇ ಜಗ್ಗಿಗೆ ಮೂರೂ ಚೆಂಡುಗಳನ್ನು ಕ್ಷಣಮಾತ್ರ ಹಾರಿಸಿದವರು ಅದಕ್ಕಿಂತ ಬಹಳ ಕಡಿಮೆ ಎಳೆದಿರುತ್ತಾರೆ. ಮನೆಯಲ್ಲಿ ನೋಡಲು ಬಂದವರೆಲ್ಲ ಮೂರನೆಯ ಚೆಂಡು ಏಳಲಿ ಎಂದು ರೋಗಿಯನ್ನು ಹುರಿದುಂಬಿಸುತ್ತಾರೆ, ಮೊಮ್ಮಕ್ಕಳಂತೂ ಪಂದ್ಯವನ್ನೇ ಕಟ್ಟುತ್ತಾರೆ. ಆದರೆ ಫಿಸಿಯೋಥೆರಪಿಸ್ಟರು ನಮಗೆ ಕಲಿಸಿದ್ದು ಬೇರೆ: ಮೊದಲನೆಯ ಚೆಂಡು, ಆಮೇಲೆ ಎರಡನೆಯದು, ಮೇಲೆದ್ದು ನಿಲ್ಲಬೇಕು, ಮೂರನೆಯದು ಕೆಳಗೇ ಇರಲಿ. ಆಗ ಉಸಿರು ನಿಧಾನವಾಗಿ ಆಳಕ್ಕೆ ಇಳಿಯುತ್ತದೆ. ಸಾಧನವನ್ನು ಓರೆಯಾಗಿ ಹಿಡಿದರೆ ಕಡಿಮೆ ಶ್ರಮಕ್ಕೇ ಚೆಂಡುಗಳು ಏಳುತ್ತವೆ. ಮಲಗಿಕೊಂಡೇ ಮಾಡುವವರು ಹೀಗೆ ತಮಗೆ ತಿಳಿಯದೆಯೇ ಸುಳ್ಳು ಫಲಿತಾಂಶ ಪಡೆಯುತ್ತಾರೆ. ಬೆನ್ನು ನೆಟ್ಟಗೆ ಮಾಡಿ ಕೂತು, ಸಾಧನವನ್ನು ಕಣ್ಣಿನ ಮಟ್ಟಕ್ಕೆ ನೆಟ್ಟಗೆ ಹಿಡಿದು, ಉಸಿರನ್ನು ಮೆಲ್ಲಗೆ ಹೊರಬಿಟ್ಟ ಮೇಲೆ ತುಟಿಗಳನ್ನು ಬಿಗಿಯಾಗಿ ಮುಚ್ಚಿ ಎಳೆಯಬೇಕು. ಎಚ್ಚರವಿರುವ ಪ್ರತಿ ಗಂಟೆಗೆ ಹತ್ತು ಉಸಿರು ಎಂಬುದು ಸಾಮಾನ್ಯವಾಗಿ ಕೊಡುವ ಸಲಹೆ. ನಡುನಡುವೆ ನಿಲ್ಲಿಸದೆ ಮಾಡಿದರೆ ತಲೆ ಸುತ್ತುತ್ತದೆ. ಕೊನೆಗೆ, ಮಡಿಸಿದ ದಿಂಬನ್ನೋ ಟವೆಲನ್ನೋ ಎದೆಗೆ ಅವಚಿಕೊಂಡು ಒಮ್ಮೆ ಕೆಮ್ಮಿ ಕಫ ತೆಗೆಯಬೇಕು. ಈ ಕೊನೆಯ ಹಂತವನ್ನು ಬಿಟ್ಟುಬಿಡುವವರೇ ಹೆಚ್ಚು, ಆದರೆ ಅರ್ಧ ಪ್ರಯೋಜನ ಇರುವುದು ಅದರಲ್ಲೇ ಎಂಬುದು ನನ್ನ ದೃಢವಾದ ಅನಿಸಿಕೆ.

ಪ್ರಾಮಾಣಿಕವಾಗಿ ಇನ್ನೊಂದು ಸಂಗತಿಯನ್ನೂ ಬರೆಯಬೇಕು. ಬೈಪಾಸ್ ರೋಗಿಗಳಲ್ಲಿ ಸ್ಪೈರೋಮೀಟರ್ ಒಂದನ್ನೇ ಬಳಸಿದ್ದರಿಂದ ಶ್ವಾಸಕೋಶದ ತೊಡಕುಗಳು ಕಡಿಮೆಯಾದವೆಂದು ವೈದ್ಯಕೀಯ ಪರೀಕ್ಷೆಗಳು ಸ್ಪಷ್ಟವಾಗಿ ತೋರಿಸಿಲ್ಲ. ಬೇಗ ಎದ್ದು ಕುರ್ಚಿಯಲ್ಲಿ ಕೂರುವುದು, ನಡೆಯುವುದು, ನೋವು ನಿವಾರಕವನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಂಡು ಆಳವಾಗಿ ಉಸಿರಾಡುವುದು, ಇವು ಇಲ್ಲದಿದ್ದರೆ ಚೆಂಡುಗಳಿಂದ ಏನೂ ಆಗುವುದಿಲ್ಲ. ನಮ್ಮಲ್ಲಿ ಶಸ್ತ್ರಚಿಕಿತ್ಸೆಯಾದವರನ್ನು ಹಾಸಿಗೆಯಿಂದ ಏಳಗೊಡದಿರುವುದೇ ಪ್ರೀತಿಯೆಂದು ಭಾವಿಸುವ ಬಂಧುಗಳಿದ್ದಾರೆ. ವೈದ್ಯರು ನಡೆಯಲು ಹೇಳಿದ ಮೇಲೆ ರೋಗಿಯನ್ನು ಮಲಗಿಸಿಯೇ ಇಡುವುದು ಶ್ವಾಸಕೋಶಕ್ಕೆ ಹಾನಿ ಎಂಬುದನ್ನು ಅವರಿಗೆ ವಿನಯದಿಂದಲೇ, ಆದರೆ ಬಿಗಿಯಾಗಿಯೇ ಹೇಳಬೇಕಾಗುತ್ತದೆ.

ಹಾಗಿದ್ದರೂ ನಾನು ಇದನ್ನು ಕೊಳ್ಳಿರೆಂದು ಹೇಳುವುದೇಕೆಂದರೆ, ಶಸ್ತ್ರಚಿಕಿತ್ಸೆಗೆ ಮುಂಚಿನ ಅಭ್ಯಾಸಕ್ಕಾಗಿ. ಅಪಾಯ ಹೆಚ್ಚಿದ್ದ ಬೈಪಾಸ್ ರೋಗಿಗಳಿಗೆ ಶಸ್ತ್ರಚಿಕಿತ್ಸೆಗೆ ಕೆಲವು ವಾರ ಮುಂಚಿನಿಂದ ಉಸಿರೆಳೆಯುವ ಸ್ನಾಯುಗಳ ತರಬೇತಿ ಕೊಟ್ಟಾಗ ನಂತರದ ನ್ಯುಮೋನಿಯಾ ಕಡಿಮೆಯಾದುದನ್ನು ನೆದರ್ಲೆಂಡ್ಸಿನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅಲ್ಲಿ ಬಳಸಿದ್ದು ಉಸಿರಿಗೆ ಪ್ರತಿರೋಧ ಒಡ್ಡುವ ಬೇರೆ ಬಗೆಯ ಸಾಧನ, ಆದ್ದರಿಂದ ಅದರ ಕೀರ್ತಿಯನ್ನು ಮೂರು ಚೆಂಡಿನ ಸಾಧನಕ್ಕೆ ಹಾಗೆಯೇ ಹಚ್ಚಲಾಗದು. ಆದರೆ ನೋವಿಲ್ಲದ ದಿನಗಳಲ್ಲಿ ಕಲಿತ ಉಸಿರಾಟದ ಕ್ರಮ ನೋವಿರುವ ದಿನಗಳಲ್ಲಿ ನೆನಪಿಗೆ ಬರುತ್ತದೆ, ಐಸಿಯುನಲ್ಲಿ ಮಂಪರಿನಲ್ಲಿರುವ ಹಿರಿಯರಿಗೆ ಅದನ್ನು ಹೊಸದಾಗಿ ಕಲಿಸುವುದು ಬಹಳ ಕಷ್ಟ. ಮಾವನವರು ಮುಂಚಿನ ದಿನಗಳಲ್ಲಿ ಎಷ್ಟು ಹೊತ್ತು ಎರಡನೆಯ ಚೆಂಡನ್ನು ನಿಲ್ಲಿಸುತ್ತಿದ್ದರು ಎಂಬುದು ಗೊತ್ತಿದ್ದುದರಿಂದ, ಆಮೇಲೆ ಎಷ್ಟು ಹಿಂದಕ್ಕೆ ಬಿದ್ದಿದ್ದಾರೆ, ಎಷ್ಟು ಚೇತರಿಸಿಕೊಂಡಿದ್ದಾರೆ ಎಂಬುದಕ್ಕೂ ನಮಗೊಂದು ಅಳತೆ ಸಿಕ್ಕಿತು. ಬೀಡಿ ಬಿಡುವುದಕ್ಕೂ ಇದೇ ಕಾಲ. ಕನಿಷ್ಠ ನಾಲ್ಕು ವಾರ ಮುಂಚೆ ಬಿಟ್ಟರೆ ಶ್ವಾಸಕೋಶಕ್ಕೆ ನಿಜವಾದ ಲಾಭ. ಸಾಧನ ಕೈಯಲ್ಲಿದ್ದುದು ಮಾವನವರಿಗೆ ಆ ಸಂಕಲ್ಪಕ್ಕೂ ಆಸರೆಯಾಯಿತು.

ಚೆಂಡಿನ ಬದಲು ಒಂದೇ ಪಿಸ್ಟನ್ ಮೇಲೇರಿ, ಎಳೆದ ಗಾಳಿಯ ಒಟ್ಟು ಪ್ರಮಾಣವನ್ನೇ ತೋರಿಸುವ ಸ್ಪೈರೋಮೀಟರುಗಳೂ ಇವೆ. ಅವುಗಳಲ್ಲಿ ಉಸಿರಾಟಕ್ಕೆ ಶ್ರಮ ಕಡಿಮೆ, ವಪೆಯ ಚಲನೆ ಹೆಚ್ಚು, ಗುರಿಯೂ ಸ್ಪಷ್ಟ. ಬೆಲೆ ಹೆಚ್ಚು, ನಮ್ಮ ಊರಿನ ಅಂಗಡಿಯಲ್ಲಿ ಹೇಳಿ ತರಿಸಬೇಕು. ಅಶಕ್ತರಿಗೆ, ಮೊದಲ ಚೆಂಡನ್ನೂ ಎತ್ತಲಾಗದವರಿಗೆ ಅದೇ ಮೇಲು.

ಇನ್ನು ಆಕ್ಸಿಮೀಟರ್. ಜಪಾನಿನ ಟಕುಓ ಅಯೋಯಗಿ 1974ರಲ್ಲಿ ರೂಪಿಸಿದ ತತ್ವವೇ ಇಂದಿಗೂ ಇದರ ಆಧಾರ. ಕೆಂಪು ಮತ್ತು ಅತಿಗೆಂಪು ಬೆಳಕನ್ನು ಬೆರಳಿನ ಮೂಲಕ ಹಾಯಿಸಿ, ನಾಡಿಯ ಪ್ರತಿ ಮಿಡಿತಕ್ಕೆ ಎಷ್ಟು ಬೆಳಕು ಹೀರಲ್ಪಟ್ಟಿತು ಎಂಬುದರಿಂದ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನಿನ ಶೇಕಡಾವಾರನ್ನು ಅದು ಲೆಕ್ಕ ಹಾಕುತ್ತದೆ. ಶೇಕಡಾವಾರು ಎಂಬುದನ್ನು ಗಮನಿಸಬೇಕು. ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಹೋಗಿ ಹಿಮೋಗ್ಲೋಬಿನ್ ಕುಸಿದವರಲ್ಲಿ ಅಂಕಿ 98 ಇದ್ದರೂ ದೇಹಕ್ಕೆ ಸಿಗುವ ಒಟ್ಟು ಆಮ್ಲಜನಕ ಕಡಿಮೆಯೇ ಇರಬಹುದು. ಅವರು ದಣಿವೆಂದರೆ ಮೀಟರ್ ತೋರಿಸಿ ಸುಮ್ಮನಾಗಿಸಬಾರದು. ಈಗಷ್ಟೇ ಬೀಡಿ ಸೇದಿದವರಲ್ಲಿ ಕಾರ್ಬನ್ ಮಾನಾಕ್ಸೈಡ್ ಹೊತ್ತ ಹಿಮೋಗ್ಲೋಬಿನ್ನನ್ನೂ ಅದು ಆಮ್ಲಜನಕವೆಂದೇ ಎಣಿಸುತ್ತದೆ. ಕಪ್ಪು ಚರ್ಮದವರಲ್ಲಿ ನಿಜವಾದ ಮಟ್ಟಕ್ಕಿಂತ ಹೆಚ್ಚು ತೋರಿಸುವ ಸಂಭವ ಇದೆಯೆಂದು 2020ರಲ್ಲಿ ಅಮೆರಿಕದ ಆಸ್ಪತ್ರೆಗಳ ದಾಖಲೆಗಳಿಂದ ತಿಳಿದುಬಂದುದು ನಮ್ಮವರೂ ನೆನಪಿಡಬೇಕಾದ ಸಂಗತಿ. ತಣ್ಣಗಿರುವ ಬೆರಳು, ಉಗುರು ಬಣ್ಣ, ಗಾಢವಾದ ಮೆಹಂದಿ, ಕೈ ನಡುಕ ಇವು ತಪ್ಪು ಅಂಕಿ ಕೊಡಬಲ್ಲವು. ನಂದಿ ಬೆಟ್ಟದ ತಪ್ಪಲಿನ ನಮ್ಮ ಚಳಿಗಾಲದ ಬೆಳಗಿನಲ್ಲಿ ಅಂಗೈಯನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು, ಅಂಕಿ ಒಂದೆಡೆ ನಿಲ್ಲುವವರೆಗೆ ಅರ್ಧ ನಿಮಿಷವಾದರೂ ಕಾದು ನೋಡಬೇಕಾಗುತ್ತಿತ್ತು. ಹೃದಯ ಶಸ್ತ್ರಚಿಕಿತ್ಸೆಯ ನಂತರ ನಾಡಿಯ ಲಯ ತಪ್ಪುವುದು ಸಾಮಾನ್ಯವಾದ್ದರಿಂದ, ಮೀಟರಿನ ನಾಡಿ ಸಂಖ್ಯೆಯನ್ನು ಮಣಿಕಟ್ಟು ಹಿಡಿದು ಎಣಿಸಿ ಹೋಲಿಸುವುದನ್ನೂ ರೂಢಿ ಮಾಡಿಕೊಂಡೆವು. ಎರಡೂ ಹೊಂದದಿದ್ದರೆ ಆಮ್ಲಜನಕದ ಅಂಕಿಯನ್ನೂ ನಂಬುವಂತಿಲ್ಲ, ಆದರೆ ನಾಡಿಯ ವಿಷಯವನ್ನು ವೈದ್ಯರಿಗೆ ತಿಳಿಸಲೇಬೇಕು.

ಅಂಕಿ 95ಕ್ಕಿಂತ ಮೇಲಿದ್ದರೆ ಸಾಮಾನ್ಯ. 90ರ ಆಸುಪಾಸಿಗೆ ಬಂದರೆ ರಕ್ತದಲ್ಲಿನ ಆಮ್ಲಜನಕದ ಒತ್ತಡ ಸುಮಾರು 60 ಮಿಲಿಮೀಟರ್ ಪಾದರಸಕ್ಕೆ ಇಳಿದಿರುತ್ತದೆ, ಅಲ್ಲಿಂದ ಕೆಳಗೆ ಕುಸಿತ ಬಹಳ ಕಡಿದು. ಆದ್ದರಿಂದ 94ರಿಂದ 92ಕ್ಕೆ ಇಳಿದಾಗಲೇ ಆಸ್ಪತ್ರೆಗೆ ಫೋನ್ ಮಾಡಬೇಕು, 90ಕ್ಕಿಂತ ಕೆಳಗೆ ನಿಂತರೆ ಕಾಯದೆ ಹೊರಡಬೇಕು. ಹಳೆಯ ಸಿಒಪಿಡಿ ಇರುವವರಿಗೆ ವೈದ್ಯರು ಬೇರೆ ಮಿತಿ ಬರೆದುಕೊಡುತ್ತಾರೆ. ಆಸ್ಪತ್ರೆಯಿಂದ ಬಿಡುವ ದಿನ ಆ ಸಂಖ್ಯೆಯನ್ನು ಕೇಳಿ ಬರೆಸಿಕೊಂಡು ಬರುವುದು ಒಳ್ಳೆಯದು. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು ಇಲ್ಲಿನ ಗಾಳಿಯ ಒತ್ತಡ ಹತ್ತರಲ್ಲೊಂದು ಭಾಗದಷ್ಟು ಕಡಿಮೆಯೆಂಬುದು ನಿಜ, ಆದರೆ ಆರೋಗ್ಯವಂತರ ಅಂಕಿ ಇಲ್ಲಿಯೂ 95ರ ಮೇಲೆಯೇ ಇರುತ್ತದೆ. ಊರು ಎತ್ತರದಲ್ಲಿದೆ, ಅದಕ್ಕೇ 91 ಎಂಬ ಸಮಾಧಾನವನ್ನು ಯಾರೂ ಹೇಳಿಕೊಳ್ಳಬಾರದು. ಅಂಕಿ ಚೆನ್ನಾಗಿದ್ದರೂ ಮಲಗಿದಾಗ ಉಸಿರು ಕಟ್ಟುವುದು, ಜ್ವರದೊಂದಿಗೆ ಹಳದಿ ಕಫ, ಕೆಲವೇ ದಿನಗಳಲ್ಲಿ ಎರಡು ಕೆಜಿ ತೂಕ ಏರುವುದು, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇವು ಕಂಡರೆ ತಡಮಾಡಬಾರದು. ನಮ್ಮ ಕಡೆಯವರು ಶಸ್ತ್ರಚಿಕಿತ್ಸೆಗೆ ಬೆಂಗಳೂರಿನ ಜಯದೇವಕ್ಕೋ, ವೈಟ್‌ಫೀಲ್ಡ್ ಅಥವಾ ಪುಟ್ಟಪರ್ತಿಯ ಸತ್ಯಸಾಯಿ ಆಸ್ಪತ್ರೆಗೋ ಹೋಗಿ ಬರುವವರು; ಮನೆಗೆ ಬಂದ ಮೇಲೆ ಶಸ್ತ್ರವೈದ್ಯರು ದೂರದಲ್ಲಿರುತ್ತಾರೆ, ಹಾಗಾಗಿ ಹೊರಡುವ ನಿರ್ಧಾರವನ್ನು ಮನೆಯವರೇ ಬೇಗ ಮಾಡಬೇಕಾಗುತ್ತದೆ.

ನಾವು ಕೊಂಡ ಸ್ಪೈರೋಮೀಟರಿನ ಮೇಲೆ ನನ್ನ ದೂರು ಎರಡು. ಒಳಗಿದ್ದ ಬಳಕೆಯ ಚೀಟಿ ಇಂಗ್ಲಿಷಿನಲ್ಲಿ ಮಾತ್ರ ಇತ್ತು, ಅಕ್ಷರಗಳೂ ತೀರಾ ಸಣ್ಣವು. ಹಿರಿಯರೇ ಹೆಚ್ಚಾಗಿ ಬಳಸುವ ವಸ್ತುವಿಗೆ ಕನ್ನಡದಲ್ಲಿ ದೊಡ್ಡ ಅಕ್ಷರದ ಒಂದು ಪುಟ, ಎರಡು ಚಿತ್ರ ಇರಲೇಬೇಕಿತ್ತು. ಪೈಪು ಸಾಧನಕ್ಕೆ ಸೇರುವ ಜಾಗ ಕೆಲವು ವಾರಗಳಲ್ಲೇ ಸಡಿಲಾಗಿ ಗಾಳಿ ಸೋರತೊಡಗಿತು. ಗಾಳಿ ಸೋರಿದರೆ ಚೆಂಡು ಏಳುವುದಿಲ್ಲ, ರೋಗಿ ತನ್ನ ಶಕ್ತಿಯೇ ಕುಂದಿತೆಂದು ಕಂಗೆಡುತ್ತಾನೆ. ಇವೆರಡನ್ನು ಬಿಟ್ಟರೆ, ಕೆಲವೇ ನೂರು ರೂಪಾಯಿಗೆ ಸಿಗುವ ಈ ವಸ್ತುವಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಆಕ್ಸಿಮೀಟರಿಗೆ ಮೂರೂವರೆ. ಅದರಲ್ಲಿ ಅಂಕಿಯ ಜೊತೆಗೆ ನಾಡಿಯ ಅಲೆಯನ್ನೂ ತೋರಿಸುವ ಮಾದರಿಯನ್ನೇ ಕೇಳಿ ಪಡೆಯಬೇಕು, ಅಂಗಡಿಯಲ್ಲೇ ಬ್ಯಾಟರಿ ಹಾಕಿಸಿ ನಿಮ್ಮ ಬೆರಳಿಗೂ ಅಂಗಡಿಯವರ ಬೆರಳಿಗೂ ಸಿಕ್ಕಿಸಿ ಹೋಲಿಸಬೇಕು. ಸ್ಪೈರೋಮೀಟರಿನ ಮೌತ್‌ಪೀಸನ್ನು ದಿನವೂ ಸಾಬೂನು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು, ಚೆಂಡುಗಳಿರುವ ಭಾಗಕ್ಕೆ ನೀರು ಬಿಡಬಾರದು. ಒಬ್ಬರು ಬಳಸಿದ್ದನ್ನು ಬಂಧುಗಳಲ್ಲಿ ಇನ್ನೊಬ್ಬರ ಶಸ್ತ್ರಚಿಕಿತ್ಸೆಗೆಂದು ಎತ್ತಿಡುವುದು ಬೇಡ, ಏಕೆಂದರೆ ಪೈಪಿನ ಒಳಭಾಗವನ್ನು ಮನೆಯಲ್ಲಿ ಸ್ವಚ್ಛ ಮಾಡಲು ಸಾಧ್ಯವಿಲ್ಲ. ಅವರಿಗೆ ಹೊಸದನ್ನೇ ತಂದುಕೊಡಿ, ದಿನಾಂಕ ಗೊತ್ತಾದ ವಾರದಲ್ಲೇ.